ಸಂಶಯದ ನಡುವೆ ಪಾಸ್ಖ ಕಾಲವನ್ನು ಆಚರಿಸುವ ಬಗೆ

ತಪಸ್ಸುಕಾಲದ ಉಪವಾಸ, ಶಿಲುಬೆಯ ಹಾದಿ, ಪಾಪನಿವೇದನೆ ಎಲ್ಲವನ್ನೂ ತಪ್ಪದೆ ನಡೆಸಿಕೊಂಡು ಬಂದವರಿಗೂ ಪಾಸ್ಖ (ಈಸ್ಟರ್) ಹಬ್ಬದ ಬೆಳಿಗ್ಗೆ ಮನಸ್ಸು ಬರಿದಾಗಿಯೇ ಇರುವುದುಂಟು. ಮನೆಯಲ್ಲಿ ವಾಸಿಯಾಗದ ಕಾಯಿಲೆ, ಕೈತಪ್ಪಿದ ಕೆಲಸ, ಧರ್ಮಕೇಂದ್ರದ ಲೆಕ್ಕಪತ್ರದ ಜಗಳ, ದೂರದ ಊರಿಗೆ ಹೋಗಿ ಪೂಜೆಯನ್ನೇ ಬಿಟ್ಟ ಮಕ್ಕಳು, ಹೀಗೆ ಕಾರಣಗಳು ಹಲವು. ಇಂಥವರು ಮೊದಲು ಬಿಡಬೇಕಾದದ್ದು ಹಬ್ಬದ ದಿನವೇ ಸಂತೋಷ ಉಕ್ಕಬೇಕೆಂಬ ಹಟವನ್ನು. ಧರ್ಮಸಭೆಯು ಯೇಸುವಿನ ಪುನರುತ್ಥಾನವನ್ನು ಒಂದು ಭಾನುವಾರಕ್ಕೆ ಮುಗಿಸದೆ, ಪವಿತ್ರಾತ್ಮರು ಇಳಿದುಬಂದುದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ ಆಚರಿಸುತ್ತದೆ. ವರ್ಷಕ್ಕೊಮ್ಮೆಯಾದರೂ ಪರಮಪ್ರಸಾದ ಸ್ವೀಕರಿಸಬೇಕೆಂಬ ಕಟ್ಟಳೆಯನ್ನು ಸಹ ಈ ಕಾಲದಲ್ಲಿ ಯಾವಾಗ ಬೇಕಾದರೂ ಪೂರೈಸಬಹುದು. ಹಬ್ಬದ ದಿನ ದೇವಾಲಯಕ್ಕೆ ಹೋಗಲಾಗದವರಿಗೆ ಬಾಗಿಲು ಮುಚ್ಚಿಲ್ಲ.

ಸಾಧ್ಯವಾದರೆ ಪವಿತ್ರ ಶನಿವಾರದ ರಾತ್ರಿಯ ಜಾಗರಣೆಗೇ ಹೋಗಬೇಕು. ಅದೂ ಹೊರಗೆ ಬೆಂಕಿಯನ್ನು ಆಶೀರ್ವದಿಸುವ ಹೊತ್ತಿಗೆ, ತಡಮಾಡದೆ. ಗುರುಗಳು ಪಾಸ್ಖ ಮೇಣದಬತ್ತಿಯ ಮೇಲೆ ಶಿಲುಬೆಯನ್ನೂ ಆ ವರ್ಷದ ಅಂಕಿಗಳನ್ನೂ ಗುರುತಿಸಿ, ಯೇಸುವಿನ ಐದು ಗಾಯಗಳ ನೆನಪಿಗೆ ಸಾಂಬ್ರಾಣಿಯ ಐದು ಕಾಳುಗಳನ್ನು ಚುಚ್ಚುತ್ತಾರೆ. ಬೆಳಗುವ ಮೊದಲೇ ಆ ಬತ್ತಿಗೆ ಗಾಯಗಳಾಗಿರುತ್ತವೆ ಎಂಬುದನ್ನು ನೊಂದವರು ಗಮನಿಸಬೇಕು. ಬಳಿಕ ಕತ್ತಲಾದ ದೇವಾಲಯದೊಳಗೆ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳುತ್ತಾರೆ. ಬತ್ತಿಗೆ ಸಿಕ್ಕಿಸಿದ ಕಾಗದದ ಲೋಟದೊಳಕ್ಕೆ ಮೇಣ ಇಳಿಯುತ್ತದೆ, ಪಕ್ಕದಲ್ಲಿರುವ ಮಗುವಿನ ಬತ್ತಿ ಆರಿದರೆ ನಮ್ಮದರಿಂದಲೇ ಮತ್ತೆ ಹಚ್ಚಬೇಕಾಗುತ್ತದೆ. ಆಗ ನಮ್ಮ ವಿಶ್ವಾಸ ಎಷ್ಟು ಗಟ್ಟಿ ಎಂದು ಯಾರೂ ಕೇಳುವುದಿಲ್ಲ. ಹಳೆಯ ಒಡಂಬಡಿಕೆಯ ವಾಚನಗಳು ಏಳು. ಅನುಕೂಲಕ್ಕಾಗಿ ಕೆಲವನ್ನು ಬಿಟ್ಟರೂ ಇಸ್ರಯೇಲರು ಕೆಂಪು ಸಮುದ್ರವನ್ನು ದಾಟುವ ವಾಚನವನ್ನು ಬಿಡುವಂತಿಲ್ಲ. ಹಿಂದೆ ಸೇನೆ, ಮುಂದೆ ನೀರು ಎಂಬ ಸ್ಥಿತಿಯಲ್ಲಿ ಆ ಜನರು ಮೋಶೆಯ ಮೇಲೆ ಗೊಣಗುವುದು ವಾಚನ ಶುರುವಾಗುವ ತುಸು ಮೊದಲಿನ ವಾಕ್ಯಗಳಲ್ಲಿದೆ, ಅದನ್ನು ಮನೆಯಲ್ಲೇ ಓದಿಕೊಂಡು ಹೋಗಬೇಕು.

ಆ ರಾತ್ರಿ ಕಷ್ಟವೆನಿಸುವುದು ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುವ ಗಳಿಗೆ. ಮನಸ್ಸು ಒಪ್ಪದೆ 'ವಿಶ್ವಾಸಿಸುತ್ತೇನೆ' ಎಂದರೆ ಸುಳ್ಳಾಡಿದಂತಾಗುವುದಿಲ್ಲವೇ ಎಂದು ಪ್ರಾಮಾಣಿಕರಾದವರು ಅಳುಕುತ್ತಾರೆ. ಆದರೆ ಧರ್ಮಸಭೆಯ ಧರ್ಮೋಪದೇಶವು ಬೇಕೆಂದೇ ಸತ್ಯವನ್ನು ತಿರಸ್ಕರಿಸುವುದಕ್ಕೂ, ಬೇಡವೆಂದರೂ ಬಂದು ಕಾಡುವ ಸಂಶಯಕ್ಕೂ ನಡುವೆ ವ್ಯತ್ಯಾಸ ಮಾಡುತ್ತದೆ. ಎರಡನೆಯದರಿಂದ ಬಳಲುತ್ತಿರುವವರು ಸಮುದಾಯದ ದನಿಗೆ ತಮ್ಮ ದನಿಯನ್ನು ಸೇರಿಸುವುದರಲ್ಲಿ ಕಪಟವೇನೂ ಇಲ್ಲವೆಂದೇ ನನ್ನ ಎಣಿಕೆ.

ಹಬ್ಬದ ನಂತರದ ವಾರಗಳಲ್ಲಿ ನಾಲ್ಕು ಶುಭಸಂದೇಶಗಳ ಕೊನೆಯ ಅಧ್ಯಾಯಗಳನ್ನು ಮನೆಯಲ್ಲಿ ನಿಧಾನವಾಗಿ ಓದಬೇಕು. ಮಾರ್ಕನಲ್ಲಿ ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರು ಹೆದರಿ ಓಡಿಹೋಗುತ್ತಾರೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಲೂಕನಲ್ಲಿ ಸ್ತ್ರೀಯರ ಮಾತು ಯೇಸು ಆರಿಸಿಕೊಂಡ ಶಿಷ್ಯರಾದ ಪ್ರೇಷಿತರಿಗೆ ಹುರುಳಿಲ್ಲದ ಹರಟೆಯಾಗಿ ಕಾಣುತ್ತದೆ. ಮತ್ತಾಯನಲ್ಲಿ ಪುನರುತ್ಥಾನರಾದ ಯೇಸುವನ್ನು ಬೆಟ್ಟದ ಮೇಲೆ ಕಂಡು ಆರಾಧಿಸುವ ಹೊತ್ತಿನಲ್ಲೂ ಕೆಲವರು ಸಂಶಯಪಡುತ್ತಾರೆ. ಹಾಗಿದ್ದೂ ಲೋಕಕ್ಕೆ ಸಾರುವ ಹೊಣೆ ಆ ಗುಂಪಿಗೇ ಸಿಗುತ್ತದೆ. ಯೊವಾನ್ನನಲ್ಲಿ ಮಗ್ದಲದ ಮರಿಯಳು ಅಳುತ್ತಾ ನಿಂತು ಎದುರಿಗಿದ್ದವರನ್ನು ತೋಟಗಾರನೆಂದು ತಿಳಿಯುತ್ತಾಳೆ. ಇವರಲ್ಲಿ ತಾನು ಯಾರ ಪಕ್ಕದಲ್ಲಿ ನಿಂತಿದ್ದೇನೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬಹುದು, ಆ ವಾರದ ಪ್ರಾರ್ಥನೆಗೆ ಅಷ್ಟೇ ಸಾಕು.

ಪಾಸ್ಖ ಕಾಲದ ಎರಡನೆಯ ಭಾನುವಾರ ಪ್ರತಿ ವರ್ಷವೂ ಸಂತ ತೋಮಾಸರ ವೃತ್ತಾಂತವನ್ನೇ ಓದಲಾಗುತ್ತದೆ. ಹಬ್ಬದ ಗದ್ದಲ ಮುಗಿದು ಜನ ತೆಳುವಾಗುವ ಆ ಭಾನುವಾರ ಸಂಶಯಿಗಳಿಗೆ ಹೇಳಿ ಮಾಡಿಸಿದ ದಿನ. ತೋಮಾಸರ ಹಟವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಗಾಯಗಳನ್ನು ಮುಟ್ಟದೆ ನಂಬಲಾರೆನೆಂದು ಸಾರಿದ ಮೇಲೂ ಎಂಟು ದಿನಗಳ ನಂತರ ಅವರು ಅದೇ ಮನೆಯಲ್ಲಿ, ಅದೇ ಗೆಳೆಯರ ನಡುವೆ ಇದ್ದರು. ಉಳಿದವರೂ ಅವರನ್ನು ಹೊರಗಟ್ಟಿರಲಿಲ್ಲ. ಭಾರತಕ್ಕೆ ಶುಭಸಂದೇಶವನ್ನು ತಂದರೆಂದು ಪರಂಪರೆಯು ಗೌರವಿಸುವುದು, ಜುಲೈ 3ರಂದು ನಾವು ಸ್ಮರಿಸುವುದು ಇದೇ ಪ್ರೇಷಿತರನ್ನು. ಆದ್ದರಿಂದ ಸಂಶಯ ತೀರಿದ ಮೇಲೆ ಸೇರಿಕೊಳ್ಳುತ್ತೇನೆ ಎನ್ನದೆ, ಕಿರು ಕ್ರೈಸ್ತ ಸಮುದಾಯದ ಸಭೆಯನ್ನೋ ಗಾಯನ ವೃಂದವನ್ನೋ ರೋಗಿಗಳನ್ನು ಭೇಟಿಮಾಡುವ ಬಳಗವನ್ನೋ ಈಗಲೇ ಸೇರಬೇಕು. ನನ್ನನ್ನು ಕೇಳಿದರೆ ಕೊನೆಯದೇ ಲೇಸು. ಅಲ್ಲಿ ಮಾತಿಗಿಂತ ಕೈಗೆ ಕೆಲಸ ಹೆಚ್ಚು.

ಗುರುಗಳೊಡನೆ ಮಾತನಾಡಬಯಸುವವರು ಹಬ್ಬದ ಮುನ್ನಾದಿನಗಳ ಪಾಪನಿವೇದನೆಯ ಉದ್ದನೆಯ ಸಾಲನ್ನು ಆರಿಸಿಕೊಳ್ಳದೆ, ಹಬ್ಬ ಕಳೆದ ಮೇಲೆ ಬೇರೆಯೇ ಸಮಯ ಕೇಳಬೇಕು. ಹೋಗುವ ಮುನ್ನ ತನ್ನನ್ನು ಕಾಡುತ್ತಿರುವುದು ಬೋಧನೆಯ ಕುರಿತ ಪ್ರಶ್ನೆಯೋ, ಸಾವಿನ ದುಃಖವೋ, ಧರ್ಮಸಭೆಯ ಮಂದಿಯ ಮೇಲಿನ ಸಿಟ್ಟೋ ಎಂದು ವಿಂಗಡಿಸಿಕೊಂಡರೆ ಮಾತು ದಾರಿ ತಪ್ಪದು. ಸಿಟ್ಟಿನ ಹಿಂದೆ ಮಗುವಿನ ಮೇಲೆ ನಡೆದ ಲೈಂಗಿಕ ದೌರ್ಜನ್ಯವಿದ್ದರೆ ಅದು ಭರವಸೆಯ ಉಪದೇಶದಿಂದ ಮುಚ್ಚುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ನೊಂದವರು ಕ್ಷಮಿಸಿಬಿಡಲಿ ಎಂದು ಕೇಳುವ ಆತುರವನ್ನು ಧರ್ಮಕೇಂದ್ರವು ತೋರಬಾರದು.

ಐವತ್ತು ದಿನ ಕಳೆದರೂ ಕತ್ತಲು ಸರಿಯದಿದ್ದರೆ ಗಾಬರಿಪಡಬೇಕಿಲ್ಲ. ಫ್ರಾನ್ಸಿನ ಸನ್ಯಾಸಿನಿ, ಲಿಸಿಯುವಿನ ಸಂತ ತೆರೇಸಮ್ಮನವರಿಗೆ ವಿಶ್ವಾಸದ ಕಡುಪರೀಕ್ಷೆ ಆರಂಭವಾದದ್ದು 1896ರ ಪಾಸ್ಖ ಕಾಲದಲ್ಲಿಯೇ, ಅದು 1897ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಳ್ಳುವವರೆಗೂ ಉಳಿಯಿತು. ಅಷ್ಟು ಕಾಲವೂ ಅವರು ಪ್ರಾರ್ಥನೆಯನ್ನಾಗಲಿ ಮಠದ ಸೋದರಿಯರ ಸೇವೆಯನ್ನಾಗಲಿ ಕೈಬಿಡಲಿಲ್ಲ.

ಸಂಶಯದಲ್ಲಿರುವವರ ಮನೆಯವರಿಗೂ ಒಂದು ಮಾತು ಹೇಳಬೇಕು. 'ಇನ್ನೂ ಸ್ವಲ್ಪ ಪ್ರಾರ್ಥಿಸು, ಎಲ್ಲ ಸರಿಹೋಗುತ್ತದೆ' ಎನ್ನುವುದು ಎಷ್ಟೇ ಪ್ರೀತಿಯಿಂದ ಹೇಳಿದರೂ ಆಪಾದನೆಯಂತೆ ಕೇಳಿಸುತ್ತದೆ. ಎಮ್ಮಾವು ಎಂಬ ಊರಿನ ದಾರಿಯಲ್ಲಿ ಪುನರುತ್ಥಾನರಾದ ಯೇಸುಸ್ವಾಮಿ ಮೊದಲು ಆ ಇಬ್ಬರು ಶಿಷ್ಯರ ಜೊತೆ ಹೆಜ್ಜೆ ಹಾಕಿದರು, ಏನು ಮಾತನಾಡುತ್ತಿದ್ದೀರಿ ಎಂದು ಕೇಳಿದರು, ಅವರು ಹೇಳಿಕೊಂಡದ್ದನ್ನೆಲ್ಲ ಕೇಳಿದ ಮೇಲೆಯೇ ಪವಿತ್ರ ಗ್ರಂಥವನ್ನು ವಿವರಿಸಿದರು. ಮನೆಯವರೂ ಅದೇ ಕ್ರಮವನ್ನು ಅನುಸರಿಸಲಿ: ಭಾನುವಾರದ ಪೂಜೆಗೆ ಜೊತೆಯಾಗಿ ಕರೆದೊಯ್ಯಲಿ, ಬಾರೆನೆಂದರೆ ಬಲವಂತ ಮಾಡದಿರಲಿ, ಮುಂದಿನ ವಾರ ಮತ್ತೊಮ್ಮೆ ಕರೆಯಲಿ.