ಜಾಮೀನು ಸಿಕ್ಕಿತು, ಪಹಣಿ ಎಲ್ಲಿಂದ ತರೋದು?

ಕಾರವಾರದಲ್ಲಿ ನನ್ನದು ಕಾನೂನು ನೆರವಿನ ವಕೀಲಿ, ಬರೀ ಕ್ರಿಮಿನಲ್ ಕೇಸು. 2022ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೊಸ ಯೋಜನೆ ತಂದಿತು. ಅದರಲ್ಲಿ ಸೇರಿದವರು ಪೂರ್ತಿ ಸಮಯ ಇದೇ ಕೆಲಸ ಮಾಡಬೇಕು, ಖಾಸಗಿ ಕೇಸು ಹಿಡಿಯುವಂತಿಲ್ಲ. ಅದಕ್ಕೂ ಮೊದಲು ನಾನು ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ, ಅಂದರೆ ಪ್ಯಾನೆಲ್‌ನಲ್ಲಿದ್ದೆ. ಸ್ವಂತ ಕಕ್ಷಿದಾರರ ನಡುವೆ ಬಿಡುವು ಸಿಕ್ಕಾಗ ಈ ಕೇಸು ನೋಡುವುದು. ಸಂಭಾವನೆಯೂ ಅಷ್ಟಕ್ಕಷ್ಟೇ.

ಬಡವನ ಪರ ಗಟ್ಟಿಯಾಗಿ ವಾದ ಮಾಡಿಬಿಟ್ಟರೆ ಮುಗೀತು ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಹೊತ್ತು ಜಾಸ್ತಿ ಹೋಗುವುದು ಜಾಮೀನುದಾರರನ್ನು ಹುಡುಕುವುದರಲ್ಲಿ. ಕೋರ್ಟು ಜಾಮೀನು ಕೊಟ್ಟಿರುತ್ತದೆ, ಆರೋಪಿ ಮಾತ್ರ ಜೈಲಲ್ಲೇ ಇರುತ್ತಾನೆ. ಅವನ ಪರ ಹೊಣೆ ಹೊರುವ ಜಾಮೀನುದಾರ, ಅಂದರೆ ಶ್ಯೂರಿಟಿ, ಸಿಕ್ಕಿರುವುದಿಲ್ಲ. ಶ್ಯೂರಿಟಿ ಅಂದರೆ ರೂಢಿಯಲ್ಲಿ ಪಹಣಿ ಇದ್ದವರು. ಜಿಲ್ಲೆಯ ಮುಕ್ಕಾಲು ಪಾಲು ಕಾಡು. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ಎಷ್ಟೋ ಮನೆಗಳು ಅತಿಕ್ರಮಣದ ಜಾಗದಲ್ಲೇ ಇವೆ. ಮಗನನ್ನು ಬಿಡಿಸಲು ಬಂದ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಅರಣ್ಯ ಹಕ್ಕಿಗೆ ಹಾಕಿದ ಅರ್ಜಿಯ ಜೆರಾಕ್ಸ್ ಎಲ್ಲ ತೆಗೆದಿಟ್ಟರು.

‘ಅಡಿಕೆ ತೋಟ ಇದೆ ವಕೀಲ್ರೇ, ಪಹಣಿ ಇಲ್ಲ.’

‘ಊರಲ್ಲಿ ಬೇರೆ ಯಾರದ್ದಾದ್ರೂ ಇದ್ಯಾ ಅಮ್ಮಾ?’

‘ಎಲ್ಲರದ್ದೂ ಹಿಂಗೇ.’

ಹೀಗಾಗಿ ಆದೇಶ ಬರುವವರೆಗೆ ಕಾಯುವುದನ್ನೇ ಬಿಟ್ಟೆ. ಜೈಲಿನಲ್ಲಿ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳುತ್ತೇನೆ: ದಿನಗೂಲಿ ಎಷ್ಟು, ಮನೆಯಲ್ಲಿ ದುಡಿಯುವವರು ಯಾರು, ಬಾಯಲ್ಲಿರುವ ಫೋನ್ ನಂಬರು ಯಾವುದು, ಜಮೀನಿರುವ ನೆಂಟರು ಯಾರು. ಮೊಬೈಲು ಪೊಲೀಸರ ವಶದಲ್ಲಿರುತ್ತದೆ, ಹೆಂಡತಿಯ ನಂಬರೂ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಆಮೇಲೆ ಅರೆಕಾನೂನು ಸ್ವಯಂಸೇವಕರು ಊರಿಗೆ ಫೋನ್ ಹಚ್ಚುತ್ತಾರೆ. ಜಾಮೀನು ಅರ್ಜಿಯಲ್ಲೇ ಆದಾಯ ಬರೆದು, ಜಾಮೀನುದಾರರಿಲ್ಲದೆ ಆರೋಪಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ, ಇಲ್ಲವೇ ಕೈಗೆಟಕುವಷ್ಟು ನಗದು ಠೇವಣಿ ಕಟ್ಟಿಸಿಕೊಳ್ಳಿ ಅಂತ ಕೇಳುತ್ತೇನೆ. ಎಲ್ಲ ಸಲ ಒಪ್ಪುತ್ತಾರೆ ಅಂತಲ್ಲ. ಆದರೆ ಕೇಳದಿದ್ದರೆ ‘ಶ್ಯೂರಿಟಿ’ ಅನ್ನುವ ಸಾಲು ತನ್ನಷ್ಟಕ್ಕೇ ಬಂದು ಕೂರುತ್ತದೆ.

ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದವರದ್ದು ಇನ್ನೂ ಕಷ್ಟ. ಇಲ್ಲಿ ಅವರಿಗೆ ಯಾರಿದ್ದಾರೆ? ಅಂಥ ಕೇಸಿಗೆ ನಾನು ಹಿಡಿಯುವುದು 1978ರ ಮೋತಿರಾಮ್ ತೀರ್ಪು. ಮಧ್ಯಪ್ರದೇಶದಲ್ಲಿ ಒಬ್ಬ ಮೇಸ್ತ್ರಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ಮೇಸ್ತ್ರಿಯ ಸಹೋದರ ಬೇರೆ ಜಿಲ್ಲೆಯವನೆಂದು ಅವನ ಜಾಮೀನನ್ನು ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ತಪ್ಪೆಂದಿತು. ಇಷ್ಟು ವರ್ಷವಾದರೂ ಅದನ್ನೇ ಮತ್ತೆ ಮತ್ತೆ ಓದಿ ಹೇಳಬೇಕು, ಬೇಜಾರಾಗಲ್ವಾ!

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಇನ್ನೊಂದು ನಿರ್ದೇಶನ ನಮಗೆ ದೊಡ್ಡ ಅನುಕೂಲ. ಜಾಮೀನು ಸಿಕ್ಕು ಏಳು ದಿನವಾದರೂ ಕೈದಿ ಹೊರಬಾರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸಬಹುದು. ಜೈಲಿನಿಂದ ಹೀಗೆ ಬರುವ ಹೆಸರುಗಳನ್ನು ನೋಡಿಯೇ ನಾನು ಮುಂದಿನ ಅರ್ಜಿ ಹಾಕುವುದು.

ಪುಕ್ಕಟೆ ವಕೀಲ ಅಂದರೆ ಜನರಿಗೆ ಈಗಲೂ ನಂಬಿಕೆ ಕಮ್ಮಿ. ‘ಸರ್ಕಾರದ ಸಂಬಳ ತಗೊಂಡು ಸರ್ಕಾರದ ಕೇಸನ್ನೇ ಹೆಂಗೆ ಒಡೀತೀರಿ?’ ಅಂತ ಮುಖಕ್ಕೇ ಕೇಳಿದವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಅದಕ್ಕೆ ಬಾಯಿಮಾತಿನ ಉತ್ತರ ಸುಮ್ನೆ ದಂಡ. ಚಾರ್ಜ್‌ಶೀಟಿನ ಪ್ರತಿ ಕೊಟ್ಟು, ಅದರಲ್ಲೇನಿದೆ ಅಂತ ಕೂತು ಓದಿ ಹೇಳುತ್ತೇನೆ. ಕಿವಿಯೋಲೆ ಅಡವಿಡುವ ಮೊದಲು ಕೇಳಿ: ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಕೊರತೆ ಇಲ್ಲವೆಂದಲ್ಲ. ಪ್ರಾಸಿಕ್ಯೂಷನ್ ಬೆನ್ನಿಗೆ ಇಡೀ ಪೊಲೀಸ್ ಠಾಣೆ ಇರುತ್ತದೆ. ನಮ್ಮ ಪರ ಸ್ಥಳಕ್ಕೆ ಹೋಗಿ ಸಾಕ್ಷಿ ಹುಡುಕಲು ಪ್ರತ್ಯೇಕ ಸಿಬ್ಬಂದಿ ಇಲ್ಲ. ಒಡಿಯಾ ಮಾತಾಡುವ ಆರೋಪಿ ಬಂದರೆ ಭಾಷಾಂತರಕ್ಕೆ ಅವನ ಜೊತೆಯ ಬೋಟಿನವನೇ ಗತಿ. ಅವನೂ ಅದೇ ಕೇಸಿನ ಸಾಕ್ಷಿಯಾಗಿದ್ದರೆ ಏನು ಮಾಡೋದು? ವಕೀಲರ ಹುದ್ದೆ ಹೆಚ್ಚಿಸುವುದಕ್ಕೂ ಮೊದಲು ಈ ಎರಡಕ್ಕೆ ಜನ ಕೊಡಿ ಅಂತ ನಾನು ಕೇಳುತ್ತಲೇ ಇದ್ದೇನೆ.