ನಾಲ್ಕು ಜನರ ತಿಂಡಿ, ದಿನಕ್ಕೆ 40 ರೂಪಾಯಿ: ನನ್ನ ಅನುಭವ

ತಿಂಡಿಯ ಖರ್ಚು ಇಳಿಸಬೇಕು ಅಂದಾಗ ಹೆಚ್ಚಿನವರು ಅಗ್ಗದ ಅಕ್ಕಿ, ಅಗ್ಗದ ರವೆ ಹುಡುಕುತ್ತಾರೆ. ಅಲ್ಲಿ ಉಳಿಯುವುದು ಚಿಲ್ಲರೆ ಕಾಸು. ದುಡ್ಡು ಸೋರುವುದು ಚಟ್ನಿಯ ಕಾಯಿ, ಎಣ್ಣೆ, ಉದ್ದಿನಬೇಳೆ ಈ ಮೂರರಲ್ಲಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ ಮನೆಗೆ ನಾನು ವಾರದ ತಿಂಡಿ ಹೊಂದಿಸುವ ಕ್ರಮವನ್ನು ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಕೆಜಿ ಅಕ್ಕಿಗೆ 50, ಉದ್ದಿಗೆ 130, ಗಟ್ಟಿ ಅವಲಕ್ಕಿಗೆ 60, ಹುರಿಗಡಲೆಗೆ 110, ಶೇಂಗಾಕ್ಕೆ 140, ಲೀಟರ್ ಎಣ್ಣೆಗೆ 150, ಒಂದು ತೆಂಗಿನಕಾಯಿಗೆ 50 ರೂಪಾಯಿ ಹಿಡಿದಿದ್ದೇನೆ. ನಿಮ್ಮೂರಿನ ದರ ಹಾಕಿ ಕೂಡಿಸಿಕೊಳ್ಳಿ. ಅನ್ನಭಾಗ್ಯದ ಅಕ್ಕಿ ಬರುವ ಮನೆಯಾದರೆ ಅಕ್ಕಿಯ ಖರ್ಚನ್ನೇ ಬಿಟ್ಟುಬಿಡಿ.

ವಾರದಲ್ಲಿ ಮೂರು ದಿನ ಒಂದೇ ಹಿಟ್ಟಿನಲ್ಲಿ ಮುಗಿಯುತ್ತವೆ. ಅಕ್ಕಿ 800 ಗ್ರಾಂ, ಉದ್ದು 200 ಗ್ರಾಂ, ಗಟ್ಟಿ ಅವಲಕ್ಕಿ 100 ಗ್ರಾಂ, ಮೆಂತ್ಯ ಒಂದು ಟೀ ಚಮಚ. ಒಟ್ಟು 72 ರೂಪಾಯಿ, ಬೆಳಗ್ಗೆಗೆ 24 ಬಿತ್ತು. ಒಂದು ಅಳತೆ ಉದ್ದಿಗೆ ಎರಡು, ಎರಡೂವರೆ ಅಕ್ಕಿ ಅಂತ ಉದ್ದು ಸುರಿಯುವುದು ಬೇಡ, ಒಂದಕ್ಕೆ ನಾಲ್ಕು ಸಾಕು. ಕಡಿಮೆಯಾದ ಉದ್ದಿನ ಮೆತ್ತನೆಯನ್ನು ಅವಲಕ್ಕಿ ಕೊಡುತ್ತದೆ, ಮೆಂತ್ಯದ ಲೋಳೆ ಗಾಳಿಯನ್ನು ಹಿಡಿದಿಡುತ್ತದೆ. ಉದ್ದನ್ನು ಅದಕ್ಕಿಂತ ಕೆಳಗಿಳಿಸಿದರೆ ಇಡ್ಲಿ ಕಲ್ಲು. ಮೆಂತ್ಯ ಚಮಚ ಮೀರಿದರೆ ಕಹಿ, ದೋಸೆಯೂ ಬೇಯುವ ಮೊದಲೇ ಕೆಂಪಾಗುತ್ತದೆ.

ಬೇಳೆಗಿಂತ ಸಿಪ್ಪೆ ತೆಗೆದ ಉದ್ದಿನಕಾಳು ಹೆಚ್ಚು ಉಬ್ಬುತ್ತದೆ. ದರದಲ್ಲಿ ಸ್ವಲ್ಪ ಹೆಚ್ಚಿದ್ದರೂ ಅದನ್ನೇ ತರುತ್ತೇನೆ, ಆದರೆ ಅರ್ಧ ಕೆಜಿಗಿಂತ ಹೆಚ್ಚು ಒಮ್ಮೆಲೇ ಇಲ್ಲ. ಹಳೇ ಉದ್ದು ಎಷ್ಟು ರುಬ್ಬಿದರೂ ನೊರೆ ಕಟ್ಟುವುದಿಲ್ಲ. ಮಿಕ್ಸಿಯಲ್ಲಿ ರುಬ್ಬುವವರು ಉದ್ದು ನೆನೆಸಿದ ನೀರನ್ನೇ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಸ್ವಲ್ಪಸ್ವಲ್ಪ ಹಾಕಿ. ಜಾರ್ ಬಿಸಿಯಾದರೆ ಹಿಟ್ಟು ಜಡವಾಗುತ್ತದೆ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟಾಗ ತೇಲಿದರೆ ಸಾಕು, ಮುಳುಗಿದರೆ ಇನ್ನೆರಡು ನಿಮಿಷ. ಅಕ್ಕಿ, ಅವಲಕ್ಕಿಯನ್ನು ಸಣ್ಣ ರವೆಯ ಹದಕ್ಕೆ ನಿಲ್ಲಿಸಿ. ಪೂರ್ತಿ ನುಣ್ಣಗಾದರೆ ಮೊದಲ ದಿನದ ಇಡ್ಲಿ ಅಂಟಂಟು.

ಪಡಿತರದ ಅಕ್ಕಿ ನೆನೆಸಿದಾಗ ಕೆಲವು ಕಾಳು ಮೇಲೆ ತೇಲುವುದುಂಟು, ಬಣ್ಣವೂ ಬೇರೆ. ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುವವರಿದ್ದಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಚ್ಚೊತ್ತಿದ ಸಾರವರ್ಧಿತ ಕಾಳುಗಳು, ನೂರಕ್ಕೆ ಒಂದರಂತೆ ಬೆರೆಸಿದವು. ರುಬ್ಬಿದ ಮೇಲೆ ಗುರುತೂ ಸಿಗುವುದಿಲ್ಲ. ನೀರು ಬಸಿಯುವಾಗ ಅವು ಹರಿದುಹೋಗದಂತೆ ಕೈ ಅಡ್ಡ ಹಿಡಿದರಾಯಿತು.

ಬೇಸಿಗೆಯಲ್ಲಿ ರುಬ್ಬಿದ ಕೂಡಲೇ ಉಪ್ಪು ಹಾಕಿದರೆ ಹುಳಿ ಬೇಗ ಏರುವುದಿಲ್ಲ, ಏಳೆಂಟು ಗಂಟೆಗೆ ಹಿಟ್ಟು ಸಿದ್ಧ. ಚಳಿಗಾಲದಲ್ಲಿ ಉಪ್ಪು ಬೆಳಗ್ಗೆಗೆ ಇಟ್ಟುಕೊಂಡು, 12 ರಿಂದ 14 ಗಂಟೆ ಬಿಡಬೇಕು. ಉಬ್ಬಿದ ಹಿಟ್ಟನ್ನು ಹೆಚ್ಚು ತಿರುವದೆ ಮೊದಲ ದಿನ 20 ಇಡ್ಲಿ ಹಾಕಿ, ಉಳಿದದ್ದು ಫ್ರಿಜ್ಜಿಗೆ. ಎರಡನೇ ದಿನ ಅರ್ಧ ಲೋಟ ನೀರು ಸೇರಿಸಿದರೆ 12 ದೋಸೆ. ಮೂರನೇ ದಿನಕ್ಕೆ ಹುಳಿ ಬಂದಿರುತ್ತದೆ. 100 ಗ್ರಾಂ ರಾಗಿಹಿಟ್ಟು ಕಲಸಿ 20 ನಿಮಿಷ ಬಿಟ್ಟರೆ ಹುಳಿ ತಗ್ಗುತ್ತದೆ, ಈರುಳ್ಳಿ, ಹಸಿಮೆಣಸಿನಕಾಯಿ ಹಚ್ಚಿ ಹಾಕಿ ಪಡ್ಡು ಮಾಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಮೂರು ದಿನದ ಆಸೆ ಬೇಡ, ಅರ್ಧ ಅಳತೆ ರುಬ್ಬಿ.

ಗ್ಯಾಸನ್ನೂ ಲೆಕ್ಕಕ್ಕೆ ಹಿಡಿಯಬೇಕು. 20 ಇಡ್ಲಿ ಒಂದೇ ಸಲಕ್ಕೆ 12 ನಿಮಿಷದಲ್ಲಿ ಬೇಯುತ್ತವೆ, 12 ದೋಸೆಗೆ ಅರ್ಧ ಗಂಟೆ ಒಲೆ ಉರಿಯುತ್ತದೆ. ಇಡ್ಲಿ ಪಾತ್ರೆಯ ಅಡಿಯ ನೀರಿಗೆ ಹೋಳು ಮಾಡಿದ ಆಲೂಗಡ್ಡೆ ಹಾಕಿಬಿಟ್ಟರೆ ಮರುದಿನದ ಪಲ್ಯಕ್ಕೆ ಬೇರೆ ಗ್ಯಾಸ್ ಬೇಡ.

ಈಗ ಚಟ್ನಿ. ನಾಲ್ಕು ಜನರಿಗೆ ದಿನಾ ಅರ್ಧ ಕಾಯಿ ತುರಿದರೆ 25 ರೂಪಾಯಿ, ಅಂದರೆ ದೋಸೆಗಿಂತ ಚಟ್ನಿ ದುಬಾರಿ! 50 ಗ್ರಾಂ ಹುರಿಗಡಲೆ, ಎರಡೇ ಚಮಚ ಕಾಯಿತುರಿ, ಕೊತ್ತಂಬರಿಯ ದಂಟು, ಹಸಿಮೆಣಸಿನಕಾಯಿ, ಗೋಲಿಯಷ್ಟು ಹುಣಸೆಹಣ್ಣು ಹಾಕಿ ರುಬ್ಬಿದರೆ 12 ರೂಪಾಯಿ ದಾಟುವುದಿಲ್ಲ. ನೀರು ಹಾಕುವ ಮೊದಲು ಹುರಿಗಡಲೆಯನ್ನು ಒಣದಾಗಿ ಒಂದು ಸುತ್ತು ತಿರುಗಿಸಿ, ಇಲ್ಲದಿದ್ದರೆ ತರಿ ಉಳಿದು ಚಟ್ನಿ ಮರಳುಮರಳು. ಹೊತ್ತು ಕಳೆದಂತೆ ಅದು ಬಿಗಿಯುತ್ತದೆ, ಆದ್ದರಿಂದ ಮೊದಲೇ ತೆಳ್ಳಗಿರಲಿ. ಇನ್ನೊಂದು ದಿನ 75 ಗ್ರಾಂ ಹುರಿದ ಶೇಂಗಾದ ಚಟ್ನಿ. ಹೀರೇಕಾಯಿ ತಂದ ವಾರ ಅದರ ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಗರಿಯಾಗುವಷ್ಟು ಹುರಿದು ರುಬ್ಬಿದರೆ ಆಯಿತು, ನನಗಂತೂ ಕಾಯಿ ಚಟ್ನಿಗಿಂತ ಅದೇ ಇಷ್ಟ. ಕಾಯಿ ಒಡೆದ ದಿನವೇ ಪೂರ್ತಿ ತುರಿದು ಫ್ರೀಜರಿನಲ್ಲಿಟ್ಟರೆ ಹೋಳು ಲೋಳೆ ಬಂದು ದಂಡವಾಗುವುದಿಲ್ಲ.

ಎಣ್ಣೆ ಪಾಕೆಟ್ಟಿನ ಗ್ರಾಂ ಓದಿ ಕೊಳ್ಳಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರದ ಪಾಕೆಟ್ಟಿನಲ್ಲಿ 850 ಅಂತಿದ್ದರೆ ಕಡಿಮೆ ದರ ಕಂಡು ಮೋಸಹೋಗಬೇಡಿ. ಮನೆಯಲ್ಲಿ ಎಣ್ಣೆ ಹೆಚ್ಚು ಕುಡಿಯುವುದು ಉಪ್ಪಿಟ್ಟು. ರವೆ ಸರಿಯಾಗಿ ಹುರಿಯದಿದ್ದರೆ ಗಂಟಾಗುತ್ತದೆ, ಗಂಟು ಬಿಡಿಸಲು ಎಣ್ಣೆ ಸುರಿಯುತ್ತೇವೆ. ತಂದ ದಿನವೇ ಒಂದು ಕೆಜಿ ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬರೀ ಬಾಣಲೆಯಲ್ಲಿ ಹುರಿದು, ಆರಿಸಿ ಡಬ್ಬಿಗೆ ತುಂಬಿಡಿ. ಹುಳವೂ ಬೇಗ ಬೀಳುವುದಿಲ್ಲ. 250 ಗ್ರಾಂ ರವೆಗೆ ಒಗ್ಗರಣೆಗೆ ಎರಡು ಚಮಚ ಎಣ್ಣೆ ಸಾಕು. ಒಂದು ಅಳತೆ ಚಿರೋಟಿ ಅಲ್ಲದ ಸಾಮಾನ್ಯ ರವೆಗೆ ಎರಡೂವರೆ ನೀರು, ಬನ್ಸಿಗೆ ಮೂರು.

ಉಳಿದ ದಿನಗಳಲ್ಲಿ ಒಂದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿ 250 ಗ್ರಾಂ ತರಿಯಾಗಿ ಪುಡಿಮಾಡಿ ಹುಣಸೆರಸ, ಬೆಲ್ಲ, ಸಾರಿನಪುಡಿಯಲ್ಲಿ ನೆನೆಸಿದರೆ ಈರುಳ್ಳಿಯೂ ಬೇಡ. ಇನ್ನೊಂದು ಚಿತ್ರಾನ್ನ, ರಾತ್ರಿಯ ಅನ್ನ ಆರಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ನಿಂಬೆರಸ ಒಲೆ ಆರಿಸಿದ ಮೇಲೆ. ಮಂಡಕ್ಕಿ ಒಗ್ಗರಣೆ ಅಗ್ಗ ಅಂತ ಕಾಣುತ್ತದೆ, ಆದರೆ ತಟ್ಟೆಯ ತುಂಬ ಗಾಳಿ. ಹತ್ತು ಗಂಟೆಗೆ ಮಕ್ಕಳು ಬಿಸ್ಕತ್ತು ಕೇಳುತ್ತವೆ. ಮಾಡಿದರೆ ಹುರಿಗಡಲೆ ಪುಡಿಯನ್ನು ಧಾರಾಳವಾಗಿ ಉದುರಿಸಿ.

ಭಾನುವಾರ ಅಕ್ಕಿರೊಟ್ಟಿ. 300 ಗ್ರಾಂ ಹಿಟ್ಟಿಗೆ ಒಂದು ಲೋಟ ಉಳಿದ ಅನ್ನ ಕಿವುಚಿ, ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿ ಬಿಸಿನೀರಲ್ಲಿ ಕಲಸಿ. ಅನ್ನ ಸೇರಿದ ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ. ಒಂದು ಚಮಚ ಎಣ್ಣೆ ಸವರಿದ ತಣ್ಣನೆ ಬಾಣಲೆಯ ಒಳಗೇ ತಟ್ಟಿ, ಮುಚ್ಚಿ ನಾಲ್ಕೈದು ನಿಮಿಷ ಬೇಯಿಸಿ. ಬಿಸಿ ಬಾಣಲೆಗೆ ತಟ್ಟಲು ಹೋದರೆ ಕೈ ಸುಡುತ್ತದೆ, ಹಿಟ್ಟೂ ಹರಡುವುದಿಲ್ಲ. ಎರಡು ಬಾಣಲೆ ಇಟ್ಟುಕೊಂಡು ಒಂದು ಬೇಯುವಾಗ ಇನ್ನೊಂದನ್ನು ಬೋರಲು ಹಾಕಿ ತಳಕ್ಕೆ ನೀರು ಬಿಟ್ಟರೆ ಕೆಲಸ ನಿಲ್ಲುವುದಿಲ್ಲ. ಹಿಟ್ಟಿಗೆ ಪಡಿತರದ ಅಕ್ಕಿಯನ್ನೇ ಆರಿಸಿ, ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಗಿರಣಿಗೆ ಕೊಡುತ್ತೇನೆ. ಮಳೆಗಾಲದಲ್ಲಿ ತೊಳೆಯುವ ಸಾಹಸ ಬೇಡ, ತೇವ ಉಳಿದ ಅಕ್ಕಿಯ ಹಿಟ್ಟು ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹರಡಿ, ಎರಡೇ ಕೆಜಿ ಬೀಸಿಸಿಕೊಂಡು ಬನ್ನಿ.