ಎರಡನೇ ಅಕ್ಷರ, 90ರ ಬೀಟ್: ಕಾಸರಗೋಡಿನಲ್ಲಿ ನಮ್ಮ ರ‍್ಯಾಪ್ ಬದಲಾದ ಬಗೆ

ನಮ್ಮ ಹೊಸ ಹಾಡುಗಳನ್ನು ಕೇಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ. ‘ಸಾಲಿನ ಕೊನೆಯಲ್ಲಿ ಪ್ರಾಸವೇ ಇಲ್ಲ, ಆದರೂ ಹಿಡಿದು ಕೂರಿಸುತ್ತದಲ್ಲ, ಹೇಗೆ?’ ಉತ್ತರ ಸ್ವಲ್ಪ ಉದ್ದ ಇದೆ. ಬದಿಯಡ್ಕ, ಕುಂಬಳೆ, ಮೊಗ್ರಾಲ್ ಕಡೆಯ ನಾವು ನಾಲ್ವರು ಈ ದಾರಿಗೆ ನಿಧಾನಕ್ಕೆ ಬಂದವರು. ತಂಡದಲ್ಲಿ ಬರೆಯುವುದು, ಬೀಟ್ (ಮಾತಿನ ಹಿಂದೆ ಓಡುವ ಸಂಗೀತ) ಮಾಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಶುರುವಿನಲ್ಲಿ ಎಲ್ಲರ ಹಾಗೆ ನಾವೂ ಯೂಟ್ಯೂಬಿನಿಂದ ಫ್ರೀ ಬೀಟ್ ಇಳಿಸಿಕೊಂಡೆವು. ಮೊಬೈಲಿನಲ್ಲಿ ಬ್ಯಾಂಡ್‌ಲ್ಯಾಬ್ ಅನ್ನುವ ರೆಕಾರ್ಡಿಂಗ್ ಆ್ಯಪ್, ಇಯರ್‌ಫೋನಿನ ಮೈಕ್, ಬಟ್ಟೆ ತುಂಬಿದ ಕಪಾಟಿನೊಳಗೆ ಮುಖ. ಬಟ್ಟೆ ಕೋಣೆಯ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಹೊಸಬರಿಗೆ ಈಗಲೂ ನಾನು ಇದನ್ನೇ ಹೇಳುವುದು. ಮಳೆಗಾಲದಲ್ಲಿ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಶೀಟಿನ ಮಾಡಿಗೆ ಜೂನ್ ತಿಂಗಳ ಮಳೆ ಹೊಡೆಯುವಾಗ ಎದುರು ಕೂತವನ ಮಾತೇ ಕೇಳುವುದಿಲ್ಲ, ಮತ್ತೆ ರೆಕಾರ್ಡಿಂಗ್ ಎಲ್ಲಿಂದ? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯುವುದು, ಮಳೆ ಬಿಟ್ಟ ಮೇಲೆ ಹಾಡುವುದು. ಇದು ನಮ್ಮಲ್ಲಿ ಪದ್ಧತಿಯೇ ಆಯಿತು.

ಫ್ರೀ ಬೀಟ್ ಅಂದರೆ ಹೆಚ್ಚಿನ ಸಲ ಅದರಿಂದ ದುಡ್ಡು ಮಾಡದಿದ್ದರೆ ಮಾತ್ರ ಫ್ರೀ. ಸ್ಪಾಟಿಫೈಗೆ ಹಾಕಬೇಕಾದರೆ ಲೀಸ್, ಅಂದರೆ ದುಡ್ಡು ಕೊಟ್ಟು ಬಳಸುವ ಹಕ್ಕು, ತಗೋಬೇಕು. ಲೀಸ್ ತಗೊಂಡರೂ ಅದೇ ಬೀಟಿನ ಮೇಲೆ ಇನ್ನೆಷ್ಟೋ ಜನ ಹಾಡಿರುತ್ತಾರೆ. ನಮ್ಮದು ಅಂತ ಹೇಳಿಕೊಳ್ಳಲು ಮಾತು ಒಂದೇ ಉಳಿಯಿತು. ಆ ಮಾತನ್ನು ಗಟ್ಟಿ ಮಾಡಲು ಹೊರಟಾಗ ಪ್ರಾಸದ ಪ್ರಶ್ನೆ ಎದುರಾಯಿತು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಹೋಗುತ್ತೆ, ಬರುತ್ತೆ, ಆಗುತ್ತೆ’ ಅಂತ ಸಾಲು ಮುಗಿಸಿದರೆ ಪ್ರಾಸ ಸುಮ್ನೆ ಸಿಗುತ್ತದೆ. ಸುಮ್ನೆ ಸಿಗುವುದರಿಂದಲೇ ಅದಕ್ಕೆ ಬೆಲೆ ಕಡಿಮೆ. ನಾಲ್ಕನೇ ಸಾಲು ಹೇಗೆ ಮುಗಿಯುತ್ತದೆ ಅಂತ ಕೇಳುವವನಿಗೆ ಎರಡನೇ ಸಾಲಿನಲ್ಲೇ ಗೊತ್ತಾಗಿ ಹೋಗುತ್ತದೆ. ಕ್ರಿಯಾಪದವನ್ನು ಮಧ್ಯಕ್ಕೆ ಎಳೆದು ಕೊನೆಗೆ ಹೆಸರುಪದ ಇಡುತ್ತಾ ಬಂದೆವು. ಚೆನ್ನಾಗಿಯೇ ಇತ್ತು. ಆದರೆ ಹಾಡು ಜಾಸ್ತಿಯಾದ ಹಾಗೆ ವಾಕ್ಯಗಳು ತಿರುಚಿಕೊಂಡವು. ನಮ್ಮ ಅಂಗಡಿ ಬಾಗಿಲಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಆಗ ನೆನಪಾದದ್ದು ಹೈಸ್ಕೂಲು. ನಮ್ಮಲ್ಲಿ ಮೂವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಪದ್ಯಕ್ಕೆ ಪ್ರಸ್ತಾರ ಹಾಕಿ, ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತಿಸಿ, ಗಣ ವಿಂಗಡಿಸುವ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತಿತ್ತು. ಭಾಮಿನಿ ಷಟ್ಪದಿಯ ಲೆಕ್ಕ ಬಾಯಿಗೇ ಬರುತ್ತಿತ್ತು: 1, 2, 4, 5ನೇ ಸಾಲುಗಳಲ್ಲಿ 3-4-3-4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3-4-3-4-3-4, ಕೊನೆಗೊಂದು ಗುರು, ಒಟ್ಟು 23. ಕುಮಾರವ್ಯಾಸನ ಇಡೀ ಭಾರತ ನಿಂತಿರುವುದು ಇದೇ ಲೆಕ್ಕದ ಮೇಲೆ.

ಈಗ ರ‍್ಯಾಪ್ ಕಡೆಯಿಂದ ನೋಡಿ. ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನಲ್ಲಿ ನಾಲ್ಕು ಮನೆ, ಒಟ್ಟು 16. ಮನೆಗೊಂದು ಮಾತ್ರೆ ಇಟ್ಟರೆ ಭಾಮಿನಿಯ ಒಂದು ಸಾಲು 14 ಮನೆ ತುಂಬುತ್ತದೆ. ಎರಡು ಖಾಲಿ, ಅದು ಉಸಿರಿಗೆ. ಮೂರನೇ, ಆರನೇ ಸಾಲಿಗೆ ತಲಾ ಎರಡು ಬಾರ್ ಬೇಕು, 32 ಮನೆಯಲ್ಲಿ 9 ಖಾಲಿ. ಆ ಜಾಗದಲ್ಲಿ ಜೊತೆಯವನು ಬ್ಯಾರಿ ಭಾಷೆಯಲ್ಲೋ ತುಳುವಿನಲ್ಲೋ ಒಂದು ಮಾತು ಎಸೆಯುತ್ತಾನೆ. ಒಟ್ಟು ಒಂದು ಷಟ್ಪದಿಗೆ 8 ಬಾರ್. ರ‍್ಯಾಪ್‌ನಲ್ಲಿ ವರ್ಸ್ ಅಂದರೆ ವಾಡಿಕೆಯಲ್ಲಿ 16 ಬಾರ್. ಸರಿಯಾಗಿ ಎರಡು ಷಟ್ಪದಿ! ಇದು ಲೆಕ್ಕಕ್ಕೆ ಕೂತ ರಾತ್ರಿ ನಮಗೆ ಯಾರಿಗೂ ನಿದ್ದೆ ಬಂದಿಲ್ಲ.

ಬರೀ ಲೆಕ್ಕ ಕೂತರೆ ಸಾಕಾಗುವುದಿಲ್ಲ, ಕೇಳಲು ಚೆಂದ ಇರಬೇಕು ಅಲ್ವಾ? ಹೊಸ ಹಾಡಿನ ಎರಡು ಸಾಲು ಇಲ್ಲಿದೆ:

ಗಡಿಯ ಕಲ್ಲಿಗೆ ಬೆನ್ನು ಕೊಟ್ಟರೆ
ಕಡಲ ಗಾಳಿಯ ಉಪ್ಪು ತುಟಿಯಲಿ

ಗಣಗಳು ಶುರುವಾಗುವುದು 1, 4, 8, 11ನೇ ಮನೆಯಲ್ಲಿ. ಸ್ನೇರ್, ಅಂದರೆ ಡ್ರಮ್ಮಿನ ಚುರುಕು ಪೆಟ್ಟು, ಬೀಳುವುದು 5 ಮತ್ತು 13ರಲ್ಲಿ. ಮಾತಿನ ಒತ್ತು ಸ್ನೇರಿನ ಮೇಲೆ ಕೂರದೆ ಅದರ ಅಕ್ಕಪಕ್ಕ ಓಡಾಡುತ್ತದೆ. ತಲೆ ತಾನಾಗಿ ಆಡುವುದು ಅದಕ್ಕೇ. ಮತ್ತೆ ಪ್ರಾಸ? ‘ಗಡಿ’ಯ ಡಕಾರ, ‘ಕಡಲ’ದ ಡಕಾರ. ಹಳೆಯ ಕನ್ನಡ ಪದ್ಯಗಳ ಹಾಗೆ ಸಾಲಿನ ಎರಡನೇ ಅಕ್ಷರ. ಮೊದಲ ಮನೆಯಲ್ಲಿ ಕಿಕ್, ಅಂದರೆ ಡ್ರಮ್ಮಿನ ದಪ್ಪ ಪೆಟ್ಟು, ಬೀಳುತ್ತದೆ, ಅದರ ಬೆನ್ನಿಗೇ ಪ್ರಾಸ. ಸಾಲಿನ ಕೊನೆ ಪೂರ್ತಿ ಬಿಡುಗಡೆಯಾಯಿತು. ಅಲ್ಲಿ ಕ್ರಿಯಾಪದ ಬರಲಿ, ಬಿಡಲಿ, ನಾವು ಮನೆಯಲ್ಲಿ ಮಾತಾಡುವ ಹಾಗೇ ವಾಕ್ಯ ಮುಗಿಸಬಹುದು. ವೇಗ 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಇಟ್ಟರೆ ಸೆಕೆಂಡಿಗೆ 6 ಮಾತ್ರೆ. ಗುರುವನ್ನು ಗುರುವಾಗಿಯೇ ಹೇಳಲು ಅಷ್ಟು ಸಮಯ ಬೇಕು. ನಮ್ಮ ಕಡೆಯ ಮಾತು ಬರಹಕ್ಕೆ ಹತ್ತಿರ, ಸ್ವರಗಳನ್ನು ಹೆಚ್ಚು ನುಂಗುವುದಿಲ್ಲ. ಈ ಲೆಕ್ಕಕ್ಕೆ ಅದು ದೊಡ್ಡ ಅನುಕೂಲ.

ಇದನ್ನು ಮೊಗ್ರಾಲಿನ ಗೆಳೆಯನ ಎದುರು ಹೇಳಿದಾಗ ಅವನು, ‘ಎಂತ ಮಾರಾಯ, ಇದು ನಮ್ಮಲ್ಲೂ ಉಂಟಲ್ಲ’ ಅಂದ. ಮೊಗ್ರಾಲ್ ಅಂದರೆ ಮಾಪ್ಪಿಳಪಾಟ್ಟಿಗೆ, ಅಂದರೆ ಕೇರಳದ ಮುಸ್ಲಿಮರ ಹಾಡಿಗೆ, ಹೆಸರಾದ ಊರು. ಇಶಲ್ (ಆ ಹಾಡುಗಳ ಧಾಟಿ) ಗ್ರಾಮ ಅಂತಲೇ ಕರೆಯುತ್ತಾರೆ. ಅವನ ಮನೆಯಲ್ಲಿ ಹಿರಿಯರು ಹಾಡುವವರು. ಆ ಹಾಡುಗಳ ಕಟ್ಟುನಿಟ್ಟು ಅವನು ಹೇಳಿದ ಮೇಲೆ ನನಗೆ ಸರಿಯಾಗಿ ಗೊತ್ತಾಯಿತು. ಸಾಲುಗಳ ಮೊದಲ ಅಕ್ಷರ ಹೊಂದಿದರೆ ಕಂಬಿ. ಎರಡನೆಯದು ಹೊಂದಿದರೆ ಕಳುತ್ತು. ಕೊನೆಯಲ್ಲಿ ಹೊಂದಿದರೆ ವಾಲ್‌ಕಂಬಿ. ಒಂದು ಸಾಲಿನ ಕೊನೆಯ ಪದವನ್ನೇ ಎತ್ತಿಕೊಂಡು ಮುಂದಿನ ಸಾಲು ಶುರು ಮಾಡಿದರೆ ವಾಲುಮ್ಮೇಲ್ ಕಂಬಿ. ಅವನ ಕಳುತ್ತು, ನಮ್ಮ ದ್ವಿತೀಯಾಕ್ಷರ ಪ್ರಾಸ, ಎರಡೂ ಒಂದೇ. ಬಸ್ಸಿನಲ್ಲಿ ಕೆಲವೇ ಸ್ಟಾಪು ದೂರದ ಊರುಗಳವರು ನಾವು, ಒಂದೇ ಪ್ರಾಸವನ್ನು ಎರಡು ಭಾಷೆಯಲ್ಲಿ ಇಟ್ಟುಕೊಂಡು ಬೆಳೆದಿದ್ದೆವು. ಅಂದಿನಿಂದ ಒಂದೇ ವರ್ಸ್‌ನಲ್ಲಿ ಕನ್ನಡದ ಸಾಲು, ಬ್ಯಾರಿಯ ಸಾಲು ಒಂದೇ ಎರಡನೇ ಅಕ್ಷರಕ್ಕೆ ಕಟ್ಟಿಕೊಂಡು ನಡೆಯುತ್ತಿವೆ. ಕಾಸರಗೋಡು ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿದೆ. ಅದನ್ನು ಹಾಡಿನ ಒಳಗೆ ಮಾಡಿ ತೋರಿಸುವುದು ನನಗೆ ಮುಖ್ಯ.

ಮಂಜೇಶ್ವರದ ಕವಿ ಗೋವಿಂದ ಪೈಗಳು ಕಳೆದ ಶತಮಾನದ ಆರಂಭದಲ್ಲಿ ಈ ಪ್ರಾಸವನ್ನು ಬಿಟ್ಟು ಪದ್ಯ ಬರೆದವರು. ಪ್ರಾಸಕ್ಕಾಗಿ ಅರ್ಥ ಕೆಡಬಾರದು ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಲ್ಲಿ ಎರಡನೇ ಅಕ್ಷರ ಮಾತನ್ನು ಎಳೆದಾಡುತ್ತದೋ ಅಲ್ಲಿ ನಾವೂ ಅದನ್ನು ಬಿಡುತ್ತೇವೆ.

ಇನ್ನು ಬೀಟ್. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಆಡಿಸಿದ ಪಾರ್ಟಿಯಿಂದ ಹಿಪ್‌ಹಾಪ್ ಶುರು ಎಂದು ಹೇಳುವುದು ರೂಢಿ. ಹಾಡಿನ ನಡುವೆ ಡ್ರಮ್ ಮಾತ್ರ ಕೇಳುವ ಭಾಗವನ್ನು ಎರಡು ರೆಕಾರ್ಡ್ ಇಟ್ಟು ಮತ್ತೆ ಮತ್ತೆ ತಿರುಗಿಸುವುದು ಅವರ ಉಪಾಯ. ಅದನ್ನೇ ನಾವು ನಮ್ಮ ಊರಿನ ವಾದ್ಯಕ್ಕೆ ಮಾಡಿದೆವು. ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನದ) ಚೆಂಡೆಯ ಬಿಡ್ತಿಗೆ ಇದೆಯಲ್ಲ, ಪದ್ಯ ಮುಗಿಯುವಾಗ ಬರುವುದು, ಅದನ್ನು ಕತ್ತರಿಸಿ ಲೂಪ್ ಮಾಡಿದೆವು. ಯಕ್ಷಗಾನದ ಕವಿ ಪಾರ್ತಿಸುಬ್ಬ ಕುಂಬಳೆಯವನು. ನಮ್ಮ ಚೆಂಡೆಯ ಹುಡುಗನೂ ಅಲ್ಲಿಯವನೇ, ಅದರ ಹೆಮ್ಮೆ ಅವನಿಗೆ ತುಂಬ ಇದೆ.

ಚೆಂಡೆ ರೆಕಾರ್ಡ್ ಮಾಡುವುದು ಕಷ್ಟದ ಕೆಲಸ. ಸಣ್ಣ ಕೋಣೆಯಲ್ಲಿ ಬಾರಿಸಿದರೆ ಗೋಡೆಯೇ ಜಾಸ್ತಿ ಕೇಳುತ್ತದೆ. ಹಾಗಾಗಿ ಅಡಿಕೆ ತೋಟದ ನಡುವೆ ಬಾರಿಸಿದೆವು. ಒಂದು ಮೈಕ್ ಹತ್ತಿರ, ಒಂದು ಏಳೆಂಟು ಅಡಿ ದೂರ. ಹತ್ತಿರದ್ದರಲ್ಲಿ ಕೋಲಿನ ಚುರುಕು, ದೂರದ್ದರಲ್ಲಿ ಹೊಟ್ಟೆಯ ನಾದ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ತುಂಬ ಕೆಳಗಿಟ್ಟು, ಅತಿ ಜೋರಿನ ಪೆಟ್ಟೂ ಮೈನಸ್ 10 ಡೆಸಿಬಲ್ ದಾಟದ ಹಾಗೆ ನೋಡಿಕೊಂಡೆವು. ಪೆಟ್ಟುಗಳನ್ನು ಕಂಪ್ಯೂಟರಿನ ಗ್ರಿಡ್‌ಗೆ, ಅಂದರೆ ಸಮ ಅಂತರದ ಗೆರೆಗಳಿಗೆ, ಎಳೆಯಬಾರದು ಅಂತ ಮೊದಲೇ ಮಾತಾಗಿತ್ತು. ಕೈಯ ಆ ಚೂರು ಹಿಂದುಮುಂದೇ ಅದರ ಜೀವ. ಚೆಂಡೆಯ ಶ್ರುತಿ ಹಿಡಿದು, ಕೆಳಗಿನ 808 ಬಾಸ್ ಅನ್ನು, ಅಂದರೆ ಡ್ರಮ್ ಮಶೀನಿನ ಆಳದ ಸದ್ದನ್ನು, ಅದೇ ಸ್ವರಕ್ಕೆ ಕೂರಿಸಿದೆ. ಮೊಬೈಲ್ ಸ್ಪೀಕರಿಗೆ ಅಷ್ಟು ಕೆಳಗಿನ ಬಾಸ್ ಬರುವುದಿಲ್ಲ. ಸ್ವಲ್ಪ ಸ್ಯಾಚುರೇಶನ್, ಅಂದರೆ ಸದ್ದನ್ನು ಹದವಾಗಿ ಒಡೆಯುವ ಎಫೆಕ್ಟ್, ಹಾಕಿದರೆ ಮೇಲಿನ ಸ್ವರಗಳು ಹುಟ್ಟಿ, ಬಾಸ್ ಇದೆ ಅಂತ ಕಿವಿಗೆ ಅನ್ನಿಸುತ್ತದೆ. ನಮ್ಮ ಕೇಳುಗರು ಹೆಚ್ಚಿನವರು ಮೊಬೈಲಿನಲ್ಲೇ ಕೇಳುವವರು, ಇದನ್ನು ಬಿಟ್ಟರೆ ಅರ್ಧ ಹಾಡು ಹೋಯಿತು.

ಹೊಸ ಹಾಡುಗಳಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಅದನ್ನು ಸಿಂಪಡಿಸಿದರು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಹಾಕಿದ್ದು 2011ರಲ್ಲಿ. ಎಣ್ಮಕಜೆ, ಪಡ್ರೆ ಕಡೆ ಈಗಲೂ ಮಗನನ್ನು ಎತ್ತಿಕೊಂಡೇ ತಿರುಗುವ ಅಮ್ಮಂದಿರಿದ್ದಾರೆ, ಮಗನಿಗೆ ಮೀಸೆ ಬಂದಿದೆ. ಹಾಡಿನ ಆರಂಭಕ್ಕೆ ಹೆಲಿಕಾಪ್ಟರಿನ ಸದ್ದು ಹಾಕೋಣ ಅಂತ ಒಬ್ಬ ಹೇಳಿದ. ನಾನು ಬೇಡ ಅಂದೆ. ಆ ಸದ್ದು ಕೇಳಿ ಬೆಳೆದವರು ಈ ಹಾಡು ಕೇಳುತ್ತಾರೆ. ಅವರಿಗೆ ಅದು ಎಫೆಕ್ಟ್ ಅಲ್ಲ. ಚೆಂಡೆಯನ್ನೂ ತೆಗೆದೆವು. ಒಂದು ಮದ್ದಳೆ, ಬಾಸ್, ಮಾತು, ಅಷ್ಟೇ. ಬಿಡುಗಡೆಗೆ ಮೊದಲು ಎರಡು ಮನೆಗಳಿಗೆ ಹೋಗಿ ಕೇಳಿಸಿದೆವು. ಅವರು ‘ಈ ಸಾಲು ಬೇಡ ಮಗಾ’ ಅಂದದ್ದನ್ನು ಮರು ಮಾತಿಲ್ಲದೆ ತೆಗೆದೆವು.

ಈಗ ಕೈಯಲ್ಲಿರುವುದು ತ್ರಿವುಡೆಯ, ಅಂದರೆ ಏಳರ ತಾಳದ, ಹಾಡು. ಭಾಮಿನಿಯ ಸಾಲಿನ ಕೊನೆಗೆ ಬಿಟ್ಟ ಆ ಎರಡು ಖಾಲಿ ಮನೆ ತೆಗೆದುಬಿಟ್ಟರೆ 14 ಉಳಿಯುತ್ತದೆ, ಅಂದರೆ ಏಳರ ಎರಡು ಸುತ್ತು. ಬೀಟ್ ಕಟ್ಟಿಯಾಗಿದೆ, ತಿರುಗುವ ರಭಸ ಬೇರೆಯೇ ಇದೆ. ಆದರೆ ಉಸಿರಿನ ಜಾಗ ಹೋಯಿತು, ಒಬ್ಬನೇ ಹೇಳಿ ಮುಗಿಸಲು ಸಾಧ್ಯ ಇಲ್ಲ. ಹಾಗಾಗಿ ಒಂದು ಸಾಲು ನನ್ನದು, ಮುಂದಿನದ್ದು ಮೊಗ್ರಾಲಿನವನದ್ದು. ನನ್ನ ಕೊನೆಯ ಪದವನ್ನು ಅವನು ಎತ್ತಿಕೊಂಡು ಶುರು ಮಾಡಬೇಕು, ಅದು ವಾಲುಮ್ಮೇಲ್ ಕಂಬಿ. ಕನ್ನಡಕ್ಕೂ ಬ್ಯಾರಿಗೂ ಒಪ್ಪುವ ಪದವೇ ಪ್ರತಿ ಸಾಲಿನ ಕೊನೆಗೆ ಬೇಕು. ಅಂಥ ಪದಗಳ ಪಟ್ಟಿ ಮಾಡುತ್ತಾ ಕೂತಿದ್ದೇವೆ.